ಪಿನ್ನಿನ ಶಾಂತಕ್ಕ ಮತ್ತು ಮೂವತ್ತೇಳು ಅಪರಿಚಿತರು

ಇಪ್ಪತ್ತೊಂಬತ್ತನೆಯ ವಯಸ್ಸಿಗೆ ನಾನು ನಿವೃತ್ತನಾದೆ. ನಗಬೇಡಿ. ತಾತ್ಕಾಲಿಕ ಕರಾರಿನ ಸಹಾಯಕನನ್ನು ಒಂದು ಮಿತಿಗಿಂತ ಹೆಚ್ಚು ದಿನ ಇಟ್ಟುಕೊಳ್ಳುವಂತಿಲ್ಲ ಎಂದು ಇಲ್ಲಿ ನಿಯಮವಿದೆ. ಜರ್ಮನಿಯ ಬಾನ್ ನಗರದ ಒಂದು ಸಂಶೋಧನಾ ಸಂಸ್ಥೆಯ ಛಾಯಾಚಿತ್ರ ಭಂಡಾರದಲ್ಲಿ ನನ್ನ ಸೇವೆ ಮಾರ್ಚ್ ತಿಂಗಳ ಕೊನೆಯ ಗುರುವಾರ ಮುಗಿಯಿತು. ಒಟ್ಟು ಮೂರು ವರ್ಷ, ಎರಡು ತಿಂಗಳು, ಒಂಬತ್ತು ದಿನ. ತುಂಬಿದ ಡೈರಿಗಳು ನಾಲ್ಕು. ಸೀನಿದ್ದು ಎರಡು ಸಲ, ಎರಡೂ ಸಲ ಕಾರಿಡಾರಿನಲ್ಲಿ.

ನನ್ನ ಕುರ್ಚಿಗೆ ಮೈಸೂರಿನಿಂದ ಬಂದ ವಿದ್ಯಾರ್ಥಿನಿಯೊಬ್ಬಳು ಬರುತ್ತಾಳಂತೆ. ಅವಳಿಗೂ, ಇಂಥ ಕೆಲಸಕ್ಕೆ ಮುಂದೆ ಸೇರುವ ನಮ್ಮವರಿಗೂ ಉಪಯೋಗವಾಗಲಿ ಎಂದು ಡೈರಿಗಳನ್ನು ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲು ಕೆಲಸ ಏನೆಂದು ಹೇಳಬೇಕು. ಅರವತ್ತರ ದಶಕದಲ್ಲಿ ಅಮೆರಿಕದ ಕಪ್ಪು ಜನ ಓಟಿನ ಹಕ್ಕಿಗಾಗಿ, ಹೋಟೆಲಿನಲ್ಲೂ ಬಸ್ಸಿನಲ್ಲೂ ಎಲ್ಲರ ಜೊತೆ ಕೂರುವ ಹಕ್ಕಿಗಾಗಿ ಬೀದಿಗಿಳಿದರಲ್ಲ, ಆಗ ಜರ್ಮನಿಯಿಂದ ಒಬ್ಬ ಯುವಕ ಎರಡು ಕ್ಯಾಮೆರಾ ಹೊತ್ತು ಅಲ್ಲಿಗೆ ಹೋದ. ಅವರ ಜೊತೆ ನಡೆದ, ಅವರ ಮನೆಗಳಲ್ಲಿ ಮಲಗಿದ, ಒಂಬತ್ತು ಸಾವಿರಕ್ಕೂ ಹೆಚ್ಚು ಚಿತ್ರ ತೆಗೆದ. ಆ ಯುವಕನೇ ಹೆರ್ ರಾಬೆ (ಇಲ್ಲಿ ಗಂಡಸರಿಗೆ ಹೆರ್, ಹೆಂಗಸರಿಗೆ ಫ್ರೌ ಎನ್ನಬೇಕು). ಈಗ ಅವರಿಗೆ ಎಂಬತ್ತೆಂಟು. ತಮ್ಮ ನೆಗೆಟಿವ್‌ಗಳನ್ನೆಲ್ಲ ಅವರು ನಮ್ಮ ಸಂಸ್ಥೆಗೆ ಕೊಟ್ಟಿದ್ದರು. ಅವುಗಳನ್ನು ಸ್ಕ್ಯಾನ್ ಮಾಡಿ, ಪ್ರತಿ ಚಿತ್ರದಲ್ಲಿ ಏನಿದೆ, ಯಾರಿದ್ದಾರೆ ಎಂದು ಪಟ್ಟಿ ಮಾಡುವುದು ನನ್ನ ಕೆಲಸ.

ಸಂದರ್ಶನದಲ್ಲಿ ವಿಭಾಗದ ಮುಖ್ಯಸ್ಥೆ ಫ್ರೌ ಕ್ನಾಪ್ ಮೂರು ಪ್ರಶ್ನೆ ಕೇಳಿದರು. "ಇಂಗ್ಲಿಷ್ ಕೈಬರಹ ಓದಬಲ್ಲಿರಾ? ಅಂಗೈ ಬೆವರುತ್ತದೆಯೇ? ಸೀನು ಬರುವ ಎಷ್ಟು ಸೆಕೆಂಡು ಮುಂಚೆ ನಿಮಗೆ ಗೊತ್ತಾಗುತ್ತದೆ?"

"ನಾಲ್ಕು" ಎಂದೆ.

"ಬಾಗಿಲಿಗೆ ಮೂರೇ ಸೆಕೆಂಡಿನ ದಾರಿ. ಸೋಮವಾರ ಬನ್ನಿ."

ಮೊದಲ ವಾರವೇ ಪ್ರಮಾದ ಮಾಡಿದೆ. ಅವ್ವ ಕಳಿಸಿದ್ದ ಚಕ್ಕಲಿಯನ್ನು ಮೇಜಿನ ಬಳಿ ಕೂತು ತಿಂದೆ. ಅದರಿಂದ ಉದುರಿದ ಒಂದು ಎಳ್ಳು ಸ್ಕ್ಯಾನರಿನ ಗಾಜಿನ ಮೇಲೆ ಬಿತ್ತು. ನನಗೆ ಗೊತ್ತಾಗಲಿಲ್ಲ. ಎರಡು ತಿಂಗಳ ನಂತರ ಹೊರಗಿನಿಂದ ಬಂದ ಸಂಶೋಧಕರೊಬ್ಬರು, ಒಂದು ಚರ್ಚಿನ ಗೋಡೆಯ ಮೇಲಿನ ಗುಂಡಿನ ಗುರುತಿನ ಬಗ್ಗೆ ವಿವರ ಬೇಕೆಂದು ಕೇಳಿದರು. ಅದೇ ಗುಂಡಿನ ಗುರುತು ಅದೇ ಎತ್ತರದಲ್ಲಿ ಒಂದು ಶಾಲೆಯ ಮೇಲೆ, ಒಂದು ಬಸ್ಸಿನ ಮೇಲೆ, ಒಬ್ಬ ಪಾದ್ರಿಯ ಹಣೆಯ ಮೇಲೆ ಕೂಡ ಇತ್ತು. ಪಾದ್ರಿ ನಗುತ್ತಿದ್ದರು. ಒಟ್ಟು ನಲವತ್ತಮೂರು ಚಿತ್ರಗಳನ್ನು ಮತ್ತೆ ಸ್ಕ್ಯಾನ್ ಮಾಡಿದೆ. ಚಕ್ಕಲಿಯನ್ನು ಕಾರಿಡಾರಿನಲ್ಲಿ ತಿನ್ನಿ. ಇದು ನನ್ನ ಮೊದಲ ಸಲಹೆ.

ಎರಡನೆಯದು ಮುಖಗಳ ವಿಷಯ. ಫ್ರೌ ಕ್ನಾಪ್ ಅವರ ಪದ್ಧತಿಯಂತೆ ಪ್ರತಿ ಚಿತ್ರದ ಪ್ರತಿ ಮುಖಕ್ಕೂ ಹೊಸ ಸಂಖ್ಯೆ. ಹೆಸರು ಗೊತ್ತಿಲ್ಲದಿದ್ದರೆ 'ಅಪರಿಚಿತ'. ಒಬ್ಬರೇ ಹತ್ತು ಚಿತ್ರಗಳಲ್ಲಿದ್ದರೂ ಹತ್ತು ಸಂಖ್ಯೆ. "ಅವರಿಬ್ಬರೂ ಒಬ್ಬರೇ ಎಂದು ನಿಮಗೆ ಅನ್ನಿಸುತ್ತದೆ, ಹೆರ್ ಅಂಗಡಿ. ಅನ್ನಿಸುವುದಕ್ಕೆ ನಮ್ಮಲ್ಲಿ ಕಾಲಂ ಇಲ್ಲ" ಎಂದು ನನ್ನ ಅಡ್ಡಹೆಸರು ಹಿಡಿದು ಹೇಳುತ್ತಿದ್ದರು. ಹಿಂದೊಮ್ಮೆ, ಬೇರೆಡೆ ಕೆಲಸ ಮಾಡುವಾಗ, ಅವರು ಒಂದು ಚಿತ್ರದ ಕೆಳಗೆ ತಪ್ಪು ಹೆಸರು ಹಾಕಿದ್ದರಂತೆ. ಆ ಮನೆಯವರು ಬಂದು ಎದುರಿಗೆ ಕೂತು ಅತ್ತರಂತೆ. ಅದನ್ನು ಒಂದೇ ಸಲ ಹೇಳಿದ್ದರು, ಕಿಟಕಿಯ ಕಡೆ ನೋಡುತ್ತ.

ನಾನು ಕ್ರಮ ಬಿಡುವವನಲ್ಲ. ಕಂಡ ಮುಖಕ್ಕೆಲ್ಲ ಸಂಖ್ಯೆ ಕೊಟ್ಟೆ. ಬಟ್ಟೆ ಅಂಗಡಿಯ ಗಾಜಿನ ಹಿಂದೆ ನಿಂತಿದ್ದ ಬೊಂಬೆ 'ಅಪರಿಚಿತ ಮಹಿಳೆ 704' ಆದಳು. ಚಿತ್ರದಲ್ಲಿರುವವರ ಖಾಸಗಿತನ ಕಾಯುವ ಕಾನೂನಿಗೆ ಇಲ್ಲಿ ಡಾಟೆನ್‌ಶುಟ್ಸ್ ಎನ್ನುತ್ತಾರೆ. ಅದನ್ನು ನೋಡಿಕೊಳ್ಳುವ ಅಧಿಕಾರಿಯಿಂದ ಪತ್ರ ಬಂತು: 704 ಜೀವಂತ ಇದ್ದಾರೆಯೇ?

"ಎಂದೂ ಇರಲಿಲ್ಲ" ಎಂದು ಬರೆದೆ.

ಪತ್ರ ವಾಪಸು ಬಂತು. ನಮೂನೆಯಲ್ಲಿ ಎರಡೇ ಚೌಕ, ಜೀವಂತ ಮತ್ತು ಮೃತ. ಮೃತರಾಗಿದ್ದರೆ ಮರಣ ಪತ್ರ ಲಗತ್ತಿಸಿ. ಹನ್ನೊಂದು ಪತ್ರ ವ್ಯವಹಾರದ ನಂತರ 704ನ್ನು 'ಪೀಠೋಪಕರಣ' ವಿಭಾಗಕ್ಕೆ ವರ್ಗಾಯಿಸಲಾಯಿತು.

ಅದಕ್ಕಿಂತ ದೊಡ್ಡದು 'ಕ್ಯಾಮೆರಾ ಹಿಡಿದ ಅಪರಿಚಿತ ಯುವಕ'ನ ಪ್ರಕರಣ. ಅಂಗಡಿಯ ಗಾಜು, ಕಾರಿನ ಕಿಟಕಿ, ಕ್ಷೌರದಂಗಡಿಯ ಕನ್ನಡಿ, ಹೀಗೆ ಹತ್ತೊಂಬತ್ತು ಕಡೆ ಅವನು ಸಿಕ್ಕ. ಹತ್ತೊಂಬತ್ತು ಸಂಖ್ಯೆ ಕೊಟ್ಟೆ. ನನ್ನ ಎರಡನೆಯ ವರ್ಷದ ಕೊನೆಯಿಂದ ಹೆರ್ ರಾಬೆ ಪ್ರತಿ ಗುರುವಾರ ಹತ್ತೂಕಾಲಿನ ಬಸ್ಸಿಗೆ ಬಂದು ನನ್ನ ಪಕ್ಕ ಕೂರುತ್ತಿದ್ದರು. ಒಂದು ದಿನ ಅವರನ್ನು ಕೇಳಿದೆ, "ಈ ಹುಡುಗ ಎಲ್ಲ ಊರಿನಲ್ಲೂ ನಿಮ್ಮ ಹಿಂದೆಯೇ ಇದ್ದಾನಲ್ಲ, ಪೊಲೀಸರ ಕಡೆಯವನೇ?"

ಅವರು ಭೂತಗಾಜು ಹಿಡಿದು ಬಹಳ ಹೊತ್ತು ನೋಡಿದರು. "ಹೌದು, ಇವನನ್ನು ಕಂಡರೆ ನನಗೂ ಅನುಮಾನ. ಕೂದಲು ಜಾಸ್ತಿ. ಇವನು ನಾನೇ."

ಹತ್ತೊಂಬತ್ತು ಸಂಖ್ಯೆಗೆ ಹತ್ತೊಂಬತ್ತು ಒಪ್ಪಿಗೆ ಪತ್ರ ಬೇಕಾಯಿತು. ತನ್ನ ಚಿತ್ರವನ್ನು ತಾನೇ ತೆಗೆಯಲು ತನಗೆ ಒಪ್ಪಿಗೆ ಇತ್ತೆಂದು ಅವರು ಹತ್ತೊಂಬತ್ತು ಸಲ ಸಹಿ ಹಾಕಿದರು. ಹದಿನಾಲ್ಕನೆಯದಕ್ಕೆ ಮಾತ್ರ ಸ್ವಲ್ಪ ಯೋಚಿಸಿದರು. "ಇದರಲ್ಲಿ ಹೊಟ್ಟೆ ಕಾಣುತ್ತದೆ."

ಆದರೆ ಅವರು ಗುರುವಾರ ಗುರುವಾರ ಬರುತ್ತಿದ್ದುದು ಸಹಿ ಹಾಕಲಿಕ್ಕಲ್ಲ. ಆರನೆಯ ಗುರುವಾರ ಅದನ್ನು ಹೇಳಿದರು. ಆಗ ಅವರ ಬಳಿ ಒಂದು ನೋಟ್‌ಬುಕ್ ಇತ್ತಂತೆ. ಯಾರ ಚಿತ್ರ ತೆಗೆದರೂ ಹೆಸರು ಕೇಳಿ ಬರೆದುಕೊಳ್ಳುತ್ತಿದ್ದರಂತೆ. ಒಂದು ಮಧ್ಯಾಹ್ನ ಪೊಲೀಸರು ರಸ್ತೆಯಲ್ಲಿ ಒಂದೊಂದೇ ಕಾರು ತಡೆದು ತಪಾಸಣೆ ಮಾಡುತ್ತಿದ್ದರು. ಆ ಹೆಸರುಗಳು ಪೊಲೀಸರ ಕೈಗೆ ಸಿಕ್ಕರೆ ಅಷ್ಟೂ ಜನ ಕೆಲಸ ಕಳೆದುಕೊಳ್ಳುತ್ತಾರೆ, ಬಾಡಿಗೆ ಮನೆ ಕಳೆದುಕೊಳ್ಳುತ್ತಾರೆ, ಇನ್ನೂ ಕೆಟ್ಟದ್ದೂ ಆಗಬಹುದು.

"ಮೊದಲ ಪುಟವನ್ನು ತಿಂದೆ" ಎಂದರು ಹೆರ್ ರಾಬೆ. "ಕಾಗದ ದಪ್ಪ. ಎರಡನೆಯದು ಇಳಿಯಲಿಲ್ಲ. ಉಳಿದದ್ದನ್ನು ಹರಿದು ಪೆಟ್ರೋಲ್ ಬಂಕಿನ ಕಕ್ಕಸಿಗೆ ಹಾಕಿ ನೀರು ಬಿಟ್ಟೆ."

"ಮೊದಲ ಪುಟದಲ್ಲಿ ಯಾರಿದ್ದರು?"

"ಒಬ್ಬಾಕೆ. ತಪಾಸಣೆಗೆ ಸ್ವಲ್ಪ ಮುಂಚೆ ನನ್ನ ಫಿಲ್ಮ್ ಸುರುಳಿಗಳನ್ನೆಲ್ಲ ತನ್ನ ಹೊಲಿಗೆ ಡಬ್ಬದಲ್ಲಿ ನೂಲುಂಡೆಗಳ ಕೆಳಗೆ ಬಚ್ಚಿಟ್ಟವಳು. ಆಕೆ ಇಲ್ಲದಿದ್ದರೆ ನಿಮಗೆ ಈ ಕೆಲಸವೇ ಇರುತ್ತಿರಲಿಲ್ಲ, ಹೆರ್ ಅಂಗಡಿ. ಹೆಸರು ನೆನಪಿರುತ್ತದೆ ಅಂದುಕೊಂಡೆ. ಸಂಜೆಯ ಹೊತ್ತಿಗೇ ಹೋಗಿತ್ತು. ಅರವತ್ತು ವರ್ಷದಿಂದ ಆಕೆಯ ಹೆಸರು ನನ್ನ ಹೊಟ್ಟೆಯಲ್ಲಿದೆ."

ಅವರ ಕಣ್ಣಿನ ದೃಷ್ಟಿ ನಡುವಿನಿಂದ ಅಳಿಸುತ್ತ ಬರುತ್ತಿತ್ತು. ಇನ್ನೊಂದು ವರ್ಷ ಮುಖ ಗುರುತಿಸಬಹುದು, ಆಮೇಲೆ ಇಲ್ಲ ಎಂದು ವೈದ್ಯರು ಹೇಳಿದ್ದರು. ಆ ಹೆಂಗಸು ಯಾವ ಚಿತ್ರದಲ್ಲಿದ್ದಾಳೆಂದು ಅವರಿಗೆ ಖಚಿತವಿರಲಿಲ್ಲ. ಒಂಬತ್ತು ಸಾವಿರ ಚಿತ್ರಗಳಲ್ಲಿ ಆಕೆಯನ್ನು ಹುಡುಕಲು ಅವರು ಬರುತ್ತಿದ್ದರು.

ಇನ್ನು ನನ್ನ ಪದ್ಧತಿಯ ವಿಷಯ. ಸಾವಿರಾರು ಸಂಖ್ಯೆಗಳನ್ನು ಯಾರೂ ನೆನಪಿಡಲಾರರು, ನಾನೂ ಇಡಲಾರೆ. ಆದ್ದರಿಂದ ಪಟ್ಟಿಯ ಕೊನೆಯಲ್ಲಿ ನನಗಷ್ಟೇ ಗೊತ್ತಾಗುವ ಒಂದು ಟಿಪ್ಪಣಿ ಕಾಲಂ ಮಾಡಿಕೊಂಡೆ. ಮತ್ತೆ ಮತ್ತೆ ಬರುವ ಮುಖಗಳಿಗೆ ಗದಗಿನ ನಮ್ಮ ಓಣಿಯವರ ಹೆಸರು ಕೊಟ್ಟೆ. ಎಲ್ಲರಿಗಿಂತ ಮುಂದೆ ನಿಂತು ಕೂಗಿ ಜೈಲು ಸೇರಿದ ದಪ್ಪನೆಯ ಮನುಷ್ಯ ಕಂಡಕ್ಟರ್ ಬಸಣ್ಣ. ಕೊಡೆ ಹಿಡಿದ ಮುದುಕಿ ಗಂಗವ್ವಾಯಿ. ಹೀಗೆ ಎಂಬತ್ತಮೂರು ಮಂದಿ.

ಅವರಲ್ಲಿ ಒಬ್ಬರು ಪಿನ್ನಿನ ಶಾಂತಕ್ಕ. ಅಸಲಿ ಶಾಂತಕ್ಕ ನಮ್ಮ ಓಣಿಯಲ್ಲಿ ಹೊಲಿಗೆ ಕ್ಲಾಸು ನಡೆಸುವವರು. ಕೈಬಳೆಗೆ ಯಾವಾಗಲೂ ನಾಲ್ಕೈದು ಸೇಫ್ಟಿ ಪಿನ್ನು ಸಿಕ್ಕಿಸಿಕೊಂಡಿರುತ್ತಾರೆ. ಯಾವ ಮದುವೆಯಲ್ಲಿ ಯಾರ ಸೆರಗು ಜಾರಿದರೂ, ಯಾರ ಜಂಪರಿನ ಹುಕ್ಕು ಕಿತ್ತರೂ ಹೆಂಗಸರು ಅವರ ಕಡೆಗೇ ಓಡುತ್ತಾರೆ. ಮೆರವಣಿಗೆಯ ಚಿತ್ರಗಳಲ್ಲಿ ಒಬ್ಬ ಹೆಂಗಸಿನ ಕೋಟಿನ ಕಾಲರಿನ ಒಳಮಡಿಕೆಯಲ್ಲಿ ಎರಡು ಪಿನ್ನು ಕಂಡೆ. ಮುಂದಿನ ಸುರುಳಿಯಲ್ಲಿ ಟೋಪಿ ಬೇರೆ, ಕನ್ನಡಕ ಇಲ್ಲ, ಮುಖ ಅರ್ಧ ಮರೆ, ಆದರೆ ಎರಡು ಪಿನ್ನು ಅಲ್ಲೇ. ಮೂವತ್ತೇಳು ಚಿತ್ರಗಳಲ್ಲಿ ಆ ಎರಡು ಪಿನ್ನು ಎಣಿಸಿದೆ. ಫ್ರೌ ಕ್ನಾಪ್ ಅವರ ಪಟ್ಟಿಯಲ್ಲಿ ಆಕೆ ಮೂವತ್ತೇಳು ಬೇರೆ ಬೇರೆ ಅಪರಿಚಿತ ಮಹಿಳೆಯರು. ನನ್ನ ಪಟ್ಟಿಯಲ್ಲಿ ಒಬ್ಬರೇ ಶಾಂತಕ್ಕ.

ಇದನ್ನು ಹೆರ್ ರಾಬೆಗೆ ಆಗಲೇ ಏಕೆ ತೋರಿಸಲಿಲ್ಲ? ನನ್ನ ದೊಡ್ಡ ತಪ್ಪು ಅದೇ. ಅದು ನನ್ನ ಖಾಸಗಿ ಟಿಪ್ಪಣಿ, ಪುರಾವೆಯಲ್ಲ. ಕಾಲಂ ಇಲ್ಲದ್ದನ್ನು ಅತಿಥಿಗೆ ತೋರಿಸಬಾರದು ಎಂದು ಫ್ರೌ ಕ್ನಾಪ್ ಅವರಷ್ಟೇ ನಾನೂ ನಂಬಿಬಿಟ್ಟಿದ್ದೆ. ಅವರು ಗುರುವಾರ ಗುರುವಾರ ಒಂದೊಂದು ಚಿತ್ರವನ್ನು ಕಣ್ಣಿಗೆ ಒತ್ತಿಕೊಂಡು ನೋಡುತ್ತಿದ್ದರೆ, ನಾನು ಪಕ್ಕದಲ್ಲಿ ಕೂತು ಪಿನ್ನು ಎಣಿಸುತ್ತಿದ್ದೆ.

ಕಳೆದ ಅಕ್ಟೋಬರಿನಲ್ಲಿ ಹೊಸ ಸಾಫ್ಟ್‌ವೇರ್ ಬಂತು. ಅದುವರೆಗಿನ ಪಟ್ಟಿಯನ್ನು ಅದಕ್ಕೆ ತುಂಬಿಸುವ ಕೆಲಸ ನನಗೆ ಬಂತು. ಯಾವ ಕಾಲಂ ಎಲ್ಲಿಗೆ ಹೋಗಬೇಕೆಂದು ನಾನೇ ಗುರುತು ಮಾಡಿದೆ, ಎರಡು ಸಲ ಪರೀಕ್ಷಿಸಿದೆ, ಡೈರಿಯಲ್ಲಿ 'ಸರಿಯಾಗಿದೆ' ಎಂದು ಬರೆದೆ. ಸೋಮವಾರ ಪಟ್ಟಿ ಸಾರ್ವಜನಿಕರಿಗೆ ತೆರೆಯಿತು.

ಒಂಬತ್ತನೆಯ ದಿನ, ನನ್ನ ಜೊತೆ ಮನೆ ಹಂಚಿಕೊಂಡಿರುವ ಮೈಸೂರಿನ ಕಿರಣ ಲ್ಯಾಪ್‌ಟಾಪ್ ಎತ್ತಿಕೊಂಡು ಅಡುಗೆಮನೆಗೆ ಬಂದ.

"ಗುರು, ನಿಮ್ ಆಫೀಸ್ ಸೈಟ್ ನೋಡ್ದೆ. ಅಮೆರಿಕದ ಚಳವಳೀಲಿ ಈ ಕಂಡಕ್ಟರ್ ಬಸಣ್ಣ ಯಾರು ಮಗಾ?"

ಒಲೆಯ ಮೇಲಿದ್ದ ಉಪ್ಪಿಟ್ಟು ತಳ ಹಿಡಿಯಿತು. ಟಿಪ್ಪಣಿಯ ಕಾಲಂ ಹೆಸರಿನ ಜಾಗಕ್ಕೆ ಹೋಗಿತ್ತು. ಇಡೀ ಜಗತ್ತಿಗೆ ಕಾಣುವಂತೆ, ಪೊಲೀಸರ ನಾಯಿಗಳ ಎದುರು ಗಂಗವ್ವಾಯಿ ಕೊಡೆ ಹಿಡಿದು ನಿಂತಿದ್ದಳು.

"ಟೆಸ್ಟ್ ಮಾಡ್ಲಿಲ್ವೇನೋ?"

"ಎರಡ್ ಸಲ ಮಾಡೇನೋ."

"ಎರಡ್ ಸಲಾನೂ ಓಕೆ ಅನ್ನಿಸ್ತಾ?"

"ಹೆಸರೆಲ್ಲಾ ಬರೋಬ್ಬರಿ ಇದ್ವಲ್ಲೋ. ಗುರ್ತಿನ ಮಂದಿ." ನಿಜವೂ ಅದೇ. ಪರೀಕ್ಷಿಸುವಾಗ ಪರದೆಯ ಮೇಲೆ ಪರಿಚಿತ ಹೆಸರುಗಳು ಕಂಡವು, ಮನಸ್ಸು ನೆಮ್ಮದಿಯಾಗಿ ಒಪ್ಪಿಕೊಂಡಿತ್ತು.

ಅವನು ಲಿಂಕನ್ನು ಅದಾಗಲೇ ನಾಲ್ಕು ಗುಂಪುಗಳಿಗೆ ಕಳಿಸಿಯಾಗಿತ್ತು. ಅದು ಗದಗ ಮುಟ್ಟಲು ಒಂದು ದಿನ ಸಾಕಾಯಿತು. ಅವ್ವನ ಫೋನು ಬಂತು.

"ಯಾಕೋ ತಮ್ಮಾ, ಬಸಣ್ಣ ಅಮೇರಿಕಾಕ ಯಾವಾಗ ಹೋಗಿದ್ದೋ? ಅವ ಹುಬ್ಬಳ್ಳಿ ದಾಟಿದಾಂವಲ್ಲ."

"ಅವ ಅಲ್ಲ ಅವ್ವಾ, ನಾನ ಹೆಸರು ಇಟ್ಟೀನಿ."

"ಅವನ ಹೇಣ್ತಿ ಕೇಳಾಕತ್ತಾಳ. ಜೈಲಿಗೆ ಹೋಗಿದ್ದಂತ ಬರದೈತೆಲ್ಲ, ನಿಜ ಏನಂತ."

ಸಂಸ್ಥೆಗೂ ಪತ್ರಗಳು ಬಂದವು. ಅಮೆರಿಕದ ಚಳವಳಿಯಲ್ಲಿ ದಕ್ಷಿಣ ಭಾರತೀಯರ ಪಾತ್ರದ ಬಗ್ಗೆ ಲೇಖನ ಬರೆಯಲು ಹೊರಟ ಒಬ್ಬರು, ಗಂಗವ್ವಾಯಿಯವರ ವಂಶಸ್ಥರ ವಿಳಾಸ ಕೇಳಿದರು.

ನಾನು ಫ್ರೌ ಕ್ನಾಪ್ ಬಳಿ ಹೋಗಿ ತಪ್ಪೊಪ್ಪಿಕೊಂಡೆ. ಅವರು ಬೈಯಲಿಲ್ಲ. ಬಿಳಿಚಿಕೊಂಡರು. "ಎಂಬತ್ತಮೂರು ತಪ್ಪು ಹೆಸರುಗಳು" ಎಂದು ಮೆಲ್ಲಗೆ ಹೇಳಿದರು. ನನಗೆ ಆ ಅತ್ತ ಮನೆಯವರ ನೆನಪಾಯಿತು. ತಿದ್ದುಪಡಿಗಳನ್ನು ನಿರ್ಧರಿಸುವ ಸಮಿತಿ ತಿಂಗಳಿಗೊಮ್ಮೆ ಮಾತ್ರ ಸೇರುತ್ತದೆ. ಅದು ನವೆಂಬರ್ ಮಧ್ಯದಲ್ಲಿ ಸೇರಿ, ಆ ತಿಂಗಳ ಕೊನೆಯ ಶುಕ್ರವಾರ ಎಲ್ಲ ಹೆಸರು ಅಳಿಸಿ ಮತ್ತೆ 'ಅಪರಿಚಿತ' ಮಾಡತಕ್ಕದ್ದು ಎಂದು ತೀರ್ಮಾನಿಸಿತು.

ಅದರ ಹಿಂದಿನ ವಾರದ ಗುರುವಾರ ಹೆರ್ ರಾಬೆ ಬಂದರು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಸಮಿತಿಯ ತೀರ್ಮಾನವನ್ನೂ ತಿಳಿಸಿ, ಪಿನ್ನಿನ ಶಾಂತಕ್ಕನ ಹೆಸರು ಒತ್ತಿದೆ. ಮೂವತ್ತೇಳು ಚಿತ್ರಗಳೂ ಒಟ್ಟಿಗೆ ಪರದೆಗೆ ಬಂದವು. ಅವರು ಮುಖವನ್ನು ಪರದೆಗೆ ತಾಗುವಷ್ಟು ಹತ್ತಿರ ತಂದು ಒಂದೊಂದಾಗಿ ನೋಡಿದರು. ಇಪ್ಪತ್ತೆರಡನೆಯದರಲ್ಲಿ ಆಕೆ ಚರ್ಚಿನ ಮೆಟ್ಟಿಲ ಮೇಲೆ ಕೂತು ತೊಡೆಯ ಮೇಲೆ ತಗಡಿನ ಡಬ್ಬವೊಂದನ್ನು ಇಟ್ಟುಕೊಂಡಿದ್ದಳು.

"ಇವಳೇ." ಪರದೆಯ ಮೇಲಿನ ಡಬ್ಬವನ್ನು ಬೆರಳಿನಿಂದ ಮುಟ್ಟಿದರು. ನಂತರ ಕೇಳಿದರು, "ಮುಂದಿನ ವಾರ ಶುಕ್ರವಾರ ಇವಳಿಗೆ ಏನಾಗುತ್ತದೆ?"

"ಮತ್ತೆ ಮೂವತ್ತೇಳು ಜನ ಆಗುತ್ತಾರೆ."

"ನಾನು ಒಂದು ಸಲ ಅಳಿಸಿದ್ದೇನೆ, ಹೆರ್ ಅಂಗಡಿ. ಎರಡನೆಯ ಸಲ ಬೇಡ. ಮತ್ತೆ ಹುಡುಕಲು ನನಗೆ ಕಣ್ಣೂ ಇರುವುದಿಲ್ಲ."

ಫ್ರೌ ಕ್ನಾಪ್ ಬಳಿ ಇಬ್ಬರೂ ಹೋದೆವು. ಚಿತ್ರ ತೆಗೆದವರೇ ಹೇಳಿದರೂ ಹೆಸರಿಲ್ಲದ ಗುರುತು ಗುರುತಲ್ಲ ಎಂದರು ಅವರು. ಹೇಳುವಾಗ ನಮ್ಮ ಮುಖ ನೋಡಲಿಲ್ಲ.

ಮುಂದಿನ ಮಂಗಳವಾರ, ಅಳಿಸಲು ಮೂರು ದಿನ ಇರುವಾಗ, ಅಮೆರಿಕದಿಂದ ವೆರಾ ಎಂಬ ಹೆಂಗಸಿನ ಪತ್ರ ಬಂತು. ತನ್ನ ಊರಿನ ಹಳೆಯ ಚರ್ಚನ್ನು ಹುಡುಕುತ್ತ ಅವರು ನಮ್ಮ ಪಟ್ಟಿಗೆ ಬಂದಿದ್ದರು. ಮೆಟ್ಟಿಲ ಮೇಲೆ ಕೂತ ತಾಯಿಯನ್ನು ಕಂಡು, ಕೆಳಗಿದ್ದ ವಿಚಿತ್ರ ಹೆಸರನ್ನು ಒತ್ತಿದ್ದರು. ಉಳಿದ ಮೂವತ್ತಾರು ಚಿತ್ರಗಳೂ ತೆರೆದುಕೊಂಡಿದ್ದವು. ಅಮ್ಮ ಇಷ್ಟು ದೂರ ನಡೆದಿದ್ದಳೆಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ ಎಂದು ಬರೆದಿದ್ದರು. ತಾಯಿಯ ಹೆಸರು ಅರ್ಲೀನ್ ಡಾಕಿನ್ಸ್, ದರ್ಜಿ, ತೀರಿಕೊಂಡು ಹಲವು ವರ್ಷವಾಗಿತ್ತು. ಕಾಲರಿನಲ್ಲಿ ಎರಡು ಪಿನ್ನು ಆಕೆಯ ಅಭ್ಯಾಸವಂತೆ: ಒಂದು ತನಗೆ, ಒಂದು ಪಕ್ಕದಲ್ಲಿ ನಡೆಯುವವರಿಗೆ. ಪತ್ರದ ಕೊನೆಯಲ್ಲಿ ಹೀಗಿತ್ತು: ಅಮ್ಮನ ಹೊಲಿಗೆ ಡಬ್ಬದಲ್ಲಿ ಫಿಲ್ಮ್ ಇಟ್ಟುಹೋದ ಒಬ್ಬ ಜರ್ಮನ್ ಹುಡುಗನಿದ್ದನಂತೆ. ವಾಪಸು ತೆಗೆದುಕೊಳ್ಳಲು ಬಂದಾಗ ಮತ್ತೆ ಹೆಸರು ಕೇಳಲು ನಾಚಿ ಒದ್ದಾಡಿದನಂತೆ. ಅವನ್ಯಾರು ಗೊತ್ತೇ?

ಪತ್ರವನ್ನು ಮುದ್ರಿಸಿ ಫ್ರೌ ಕ್ನಾಪ್ ಮುಂದಿಟ್ಟೆ. ಅವರು ಎರಡು ಸಲ ಓದಿದರು. ಆಮೇಲೆ ಬೀರುವಿನಿಂದ ದಪ್ಪನೆಯ ನಿಯಮಾವಳಿ ತೆಗೆದು, ಬೆರಳು ಇಟ್ಟು ಓದುತ್ತ ಹೋದರು. ಹೊಸ ಹೆಸರು ಸೇರಿಸಲು ಆ ವ್ಯಕ್ತಿಯದೇ ಸಹಿ ಬೇಕು. ಅರ್ಲೀನ್ ಈಗ ಸಹಿ ಹಾಕಲಾರರು. ನಲವತ್ತು ನಿಮಿಷವಾಯಿತು, ನಾನು ಗಡಿಯಾರ ನೋಡಿ ಹೇಳುತ್ತಿದ್ದೇನೆ.

"ಹೆರ್ ಅಂಗಡಿ, ಈ ದಾಖಲೆಯಲ್ಲಿ ಈಗ ಹೆಸರು ಇದೆಯೇ, ಇಲ್ಲವೇ?"

"ಇದೆ. ತಪ್ಪು ಹೆಸರು."

"ಹಾಗಾದರೆ ಇದು ಹೊಸ ಹೆಸರಲ್ಲ. ತಪ್ಪು ಹೆಸರಿನ ತಿದ್ದುಪಡಿ. ಅದಕ್ಕೆ ಸಹಿ ಬೇಡ. ಪರಸ್ಪರ ಪರಿಚಯವಿಲ್ಲದ ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದರೆ ಸಾಕು. ಡಬ್ಬದ ವಿಷಯ ಹೆರ್ ರಾಬೆ ಇಲ್ಲಿ ಹೇಳಿದ್ದಾರೆ, ಈಕೆ ಅಲ್ಲಿಂದ ಬರೆದಿದ್ದಾರೆ." ಇನ್ನೊಂದು ಪುಟ ತಿರುವಿದರು. ಕಿವಿ ಕೆಂಪಾಗಿತ್ತು. "ಇನ್ನೊಂದು ವಿಷಯ. ಸಮಿತಿ ಇದನ್ನು ಗಮನಿಸಿಲ್ಲ. ಸರಿಯಾದ ಹೆಸರು ಬರೆಯದೆ ತಪ್ಪು ಹೆಸರನ್ನು ಬರೀ ಅಳಿಸಲು ನಮ್ಮಲ್ಲಿ ನಮೂನೆಯೇ ಇಲ್ಲ."

"ಅಂದರೆ ಉಳಿದ ಎಂಬತ್ತೆರಡು ಜನ?"

"ಸರಿಯಾದ ಹೆಸರು ಸಿಗುವವರೆಗೆ ಇರಲಿ. 'ತಾತ್ಕಾಲಿಕ, ತಪ್ಪು' ಎಂದು ದೊಡ್ಡದಾಗಿ ಬರೆಯಿರಿ. ಆ ಕಂಡಕ್ಟರ್ ಜೈಲಿನ ವಿಷಯವನ್ನೂ ಸ್ಪಷ್ಟಪಡಿಸಿ."

ಅರ್ಲೀನ್ ಅವರ ತಿದ್ದುಪಡಿ ಆ ಗುರುವಾರವೇ ಆಯಿತು. ಹೆರ್ ರಾಬೆ ಹೆಸರನ್ನು ತಾವೇ ಟೈಪ್ ಮಾಡುತ್ತೇನೆಂದರು. ಒಂದೇ ಬೆರಳಿನಲ್ಲಿ, ಕೀಲಿಗಳನ್ನು ತಡವಿಕೊಂಡು, ಆರು ನಿಮಿಷ. ನಂತರ ಮುದ್ರಿತ ಚಿತ್ರದ ಹಿಂಬದಿಯಲ್ಲಿ ಪೆನ್ಸಿಲಿನಿಂದಲೂ ಬರೆದರು. ಚಿತ್ರವನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡು, "ಇದು ಸಂಸ್ಥೆಯ ಪ್ರತಿ ಎಂದು ಗೊತ್ತು" ಎಂದರು. ಫ್ರೌ ಕ್ನಾಪ್ ಆ ಹೊತ್ತಿಗೆ ಸರಿಯಾಗಿ ಸೀನಲು ಕಾರಿಡಾರಿಗೆ ಹೋದರು. ಸೀನಿದ ಸದ್ದು ಮಾತ್ರ ಬರಲಿಲ್ಲ.

ಹೊಸದಾಗಿ ಬರುವವರಿಗೆ ಇಷ್ಟು ಹೇಳಬೇಕಿತ್ತು. ಹತ್ತಿ ಕೈಗವಸು ಈಗ ಬೇಡ, ನೈಟ್ರೈಲ್ ಎಂಬ ತೆಳು ರಬ್ಬರಿನದು ಹಾಕಿಕೊಳ್ಳಿ. ಮುಖ ನೋಡಿದ ಮೇಲೆ ಕಾಲರು, ತೋಳು, ಬಳೆ, ಚೀಲದ ಹಿಡಿಕೆಗಳನ್ನೂ ನೋಡಿ. ಇಲ್ಲಿ ಕೆಲಸ ಬಿಟ್ಟು ಹೋಗುವವರೇ ಎಲ್ಲರಿಗೂ ಕೇಕ್ ತರಬೇಕು. ನಾನು ಶಿರಾ ಮಾಡಿಕೊಂಡು ಹೋಗಿದ್ದೆ. ಹೆರ್ ರಾಬೆ ಎರಡು ಸಲ ಹಾಕಿಸಿಕೊಂಡರು. ಈಗ ಅವರಿಗೆ ಮುಖಗಳು ಕಾಣುವುದಿಲ್ಲ. ಆದರೂ ಹತ್ತೂಕಾಲಿನ ಬಸ್ಸಿಗೆ ಬರುತ್ತಾರೆ. ನೀವು ಚಿತ್ರವನ್ನು ಬಾಯಲ್ಲಿ ವಿವರಿಸಿ ಹೇಳಿ. ಅವರ ಎಡಗಡೆ ಕೂತುಕೊಳ್ಳಿ, ಬಲಕಿವಿ ಮಂದ.

ಗದಗಿಗೂ ಒಂದು ತಿದ್ದುಪಡಿ ಬಾಕಿ ಇತ್ತು. ಶಾಂತಕ್ಕನ ಹೆಸರು ತೆಗೆದಿದ್ದನ್ನು ಹೇಗೆ ಹೇಳುವುದೆಂದು ನನಗೆ ಸಂಕೋಚ. ಆ ಒಂದು ತಿಂಗಳು ಅವರ ಹೊಲಿಗೆ ಕ್ಲಾಸಿನ ಹುಡುಗಿಯರೆಲ್ಲ ಆ ಚಿತ್ರ ನೋಡಿದ್ದರು. ಅವ್ವ ಫೋನನ್ನು ಅವರ ಕೈಗೇ ಕೊಟ್ಟಳು. ನಾನು ಎಲ್ಲ ಹೇಳಿದೆ. ಹೊಲಿಗೆ ಯಂತ್ರದ ಸದ್ದು ನಿಂತಿತು.

"ಆಕೀ ಮಗಳು ಸಿಕ್ಕಳೇನು?"

"ಸಿಕ್ಕಳ್ರೀ ಶಾಂತಕ್ಕ."

"ಚಲೋ ಆತು ಬಿಡಪಾ. ನಲವತ್ತು ವರ್ಷ ಮದ್ವಿ ಮನ್ಯಾಗ ಮಂದಿಗೆ ಪಿನ್ನು ಕೊಟ್ಟೀನಿ, ಒಬ್ಬಾಕೀನೂ ತಿರುಗಿ ಕೊಟ್ಟಿಲ್ಲ. ಈಕಿ ನನ್ನ ಹೆಸರು ಒಂದ್ ತಿಂಗಳ ಇಸ್ಕೊಂಡು ತಿರುಗಿ ಕೊಟ್ಲು ನೋಡು."

ಯಂತ್ರದ ಸದ್ದು ಮತ್ತೆ ಶುರುವಾಯಿತು. ಡೈರಿಯಲ್ಲಿ ಬರೆದುಕೊಂಡೆ: ಹೆಸರು ಮರಳಿದ್ದು, ಒಂದು. ಗದಗಿನವರ ಬಳಿ ಇಸ್ಕೊಂಡಿದ್ದು ಇನ್ನೂ ಕೊಡಬೇಕಾದ್ದು, ಎಂಬತ್ತೆರಡು.